ಸಿಮೆಂಟಿನ ಪರವಾಗಿ ನಾನು

ಸೋಮವಾರ ಬೆಳಿಗ್ಗೆ ವಿಜಯನಗರ ಮೆಟ್ರೋ ನಿಲ್ದಾಣದಲ್ಲಿ ನನ್ನ ಕಪ್ಪು ಕುರ್ತಾದ ಬಲಭುಜ ನೋಡಿ ಯಾರಾದರೊಬ್ಬರು ‘ಮೇಡಂ, ಸುಣ್ಣ ಹತ್ತಿದೆ’ ಎನ್ನುತ್ತಾರೆ. ಭಾನುವಾರ ಹಾಕಿದ್ದನ್ನೇ ಸೋಮವಾರವೂ ಹಾಕುತ್ತೀಯಾ ಎಂದು ನೀವು ಕೇಳಬಹುದು. ಹೌದು. ಎರಡು ಗಂಟೆ ಮೈಮೇಲಿದ್ದ ಬಟ್ಟೆಯನ್ನು ಒಗೆಯಲೇಬೇಕು ಎನ್ನುವವರು ಮೊದಲು ಮಾರೇನಹಳ್ಳಿಯ ನಮ್ಮ ಬೀದಿಗೆ ವಾರದಲ್ಲಿ ಎಷ್ಟು ದಿನ ನೀರು ಬಿಡುತ್ತಾರೆಂದು ನೋಡಿಕೊಂಡು ಬರಲಿ.

ಅಂದಹಾಗೆ ಅದು ಸುಣ್ಣವಲ್ಲ, ಉಪ್ಪು. ನಮ್ಮ ಚರ್ಚಿನ ಗೋಡೆಯೊಳಗಿಂದ ಹೊರಬರುವ ಉಪ್ಪು. ಹಿಂದೆಯಾಗಿದ್ದರೆ ಆ ಅಪರಿಚಿತರನ್ನು ಎಸ್ಕಲೇಟರಿನ ಮೇಲೆ ನಿಲ್ಲಿಸಿಕೊಂಡು ಸುಣ್ಣಕ್ಕೂ ಉಪ್ಪಿಗೂ ಇರುವ ವ್ಯತ್ಯಾಸವನ್ನು ಪ್ಲಾಟ್‌ಫಾರಂ ಮುಟ್ಟುವುದರೊಳಗೆ ಒಪ್ಪಿಸುತ್ತಿದ್ದೆ. ಈಗ ‘ಓ, ಥ್ಯಾಂಕ್ಸ್’ ಎಂದು ಕೊಡವಿಕೊಂಡು ಹೋಗುತ್ತೇನೆ. ಇಪ್ಪತ್ತಾರನೇ ವಯಸ್ಸಿಗೇ ನನಗೆ ನಾನೇ ಸರಿ ಎಂದು ಸಾಧಿಸಿ ಸಾಧಿಸಿ ಸುಸ್ತಾಗಿಬಿಟ್ಟಿದೆ.

ಆ ಉಪ್ಪು ನನ್ನ ಭುಜಕ್ಕೆ ಬರುವುದು ಹೀಗೆ. ದೇವರಿದ್ದಾನೆ ಎಂದು ನನ್ನನ್ನು ಒಪ್ಪಿಸಲು ಈವರೆಗೆ ಯಾರಿಗೂ ಆಗಿಲ್ಲ. ಆದರೆ ಅಮ್ಮ ಇದ್ದಾಳೆ ಎಂಬುದರಲ್ಲಿ ಸಂಶಯವಿಲ್ಲ, ಅವಳ ಮಂಡಿನೋವೂ ನಿಜ. ಹಾಗಾಗಿ ಪ್ರತಿ ಭಾನುವಾರ ಆಟೋದಲ್ಲಿ ಅವಳನ್ನು ಮೈಸೂರು ರಸ್ತೆ ಬದಿಯ ನಮ್ಮ ಹಳೇ ಚರ್ಚಿಗೆ ಕರೆದೊಯ್ಯುತ್ತೇನೆ. ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ನಾನು ಹಿಂದೆ, ದಕ್ಷಿಣದ ಗೋಡೆಗೆ ಒರಗಿ ನಿಲ್ಲುತ್ತೇನೆ. ನಂಬದವರು, ತಡವಾಗಿ ಬಂದವರು, ಫಾದರ್ ಉಪದೇಶ ಉದ್ದವಾದರೆ ಹೊರಗೆ ಜಾರುವವರು, ಎಲ್ಲರಿಗೂ ಅದೇ ಜಾಗ. ಏಳಕ್ಕೆ ಕನ್ನಡ ಪೂಜೆ, ಎಂಟೂವರೆಗೆ ತಮಿಳು, ಹತ್ತಕ್ಕೆ ಇಂಗ್ಲಿಷ್. ಮೂರನ್ನೂ ಕೇಳಿಸಿಕೊಂಡು ಏನೂ ಹೇಳದಿರುವುದು ಗೋಡೆಯೊಂದೇ.

ಈ ಚರ್ಚು ಎಷ್ಟು ಹಳೆಯದು ಎಂದು ಕೇಳಬೇಡಿ. ಅಡಿಗಲ್ಲಿನ ಮೇಲೆ ಇಸವಿ ಇದೆ. ಹಬ್ಬಕ್ಕೊಮ್ಮೆ ಸುಣ್ಣ ಬಳಿದೂ ಬಳಿದೂ ಅಂಕಿಗಳು ತುಂಬಿಹೋಗಿ, ಬೆರಳಾಡಿಸಿದರೆ ಒಂದು ಸೊನ್ನೆಯೋ ಆರೋ ಕೈಗೆ ಸಿಗುತ್ತದೆ, ಅಷ್ಟೇ. ಕಟ್ಟಿಸಿದವರು ಫ್ರೆಂಚ್ ಪಾದ್ರಿಗಳು ಎನ್ನುವುದು ಖಚಿತ, ಏಕೆಂದರೆ ಅವರಲ್ಲೊಬ್ಬರು ಪೀಠದ ಎಡಗಡೆ ನೆಲದಡಿ ಮಲಗಿದ್ದಾರೆ. ಅವರು ತಮ್ಮೂರಿನ ಚರ್ಚಿನ ಚಿತ್ರ ತಂದು ‘ಹೀಗೆ ಕಟ್ಟಿ’ ಎಂದರಂತೆ. ಚಿತ್ರದಲ್ಲಿ ಎರಡು ಗೋಪುರವಿತ್ತು. ನಮ್ಮಲ್ಲಿರುವುದು ಒಂದು. ಇನ್ನೊಂದು ಕಡೆ ಮೊಂಡು ಬುಡವಿದೆ. ಪ್ಲೇಗು ಬಂದು ಆಳುಗಳು ಓಡಿಹೋದರು ಎಂದು ಅಮ್ಮ. ಕಲ್ಲು ಎಳೆಯುವ ಎತ್ತುಗಳು ಸತ್ತವು ಎಂದು ಗಂಟೆ ಹೊಡೆಯುವವರು. ಚಿತ್ರವೇ ಹರಿದುಹೋಗಿತ್ತು ಎಂಬುದು ನನ್ನ ವಾದ. ಹನ್ನೆರಡನೇ ವಯಸ್ಸಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಮಂಡಿಸಿ ಹೊರಗೆ ಬಿಸಿಲಲ್ಲಿ ನಿಂತಿದ್ದೆ.

ಒಳಗೆ ಸಾಲಿಗೆ ಆರರಂತೆ ಹನ್ನೆರಡು ಕಂಬಗಳು, ಹನ್ನೆರಡು ಶಿಷ್ಯರ ಲೆಕ್ಕ. ಇವುಗಳಲ್ಲಿ ಗುರುವನ್ನೇ ಹಿಡಿದುಕೊಟ್ಟ ಯೂದ ಯಾವುದು ಎಂಬುದು ನಮ್ಮ ಬಾಲ್ಯದ ಬಹುದೊಡ್ಡ ಜಿಜ್ಞಾಸೆ. ಪ್ರತಿ ಕಂಬದ ನೆತ್ತಿಯ ಮೇಲೂ ಗಾರೆಯಲ್ಲಿ ಮಾಡಿದ ತೆನೆಗಳ ಗೊಂಚಲು. ಪಾದ್ರಿಗಳ ಚಿತ್ರದಲ್ಲಿದ್ದದ್ದು ಗೋಧಿಯ ತೆನೆ. ಪೂಜೆಯ ರೊಟ್ಟಿ ಗೋಧಿಯದ್ದಲ್ಲವೆ? ಆದರೆ ಕೆಂಗೇರಿ ಕಡೆಯ ಗಾರೆಯವನು ಗೋಧಿ ಬೆಳೆದದ್ದನ್ನು ಎಲ್ಲಿ ಕಂಡಿದ್ದ? ಅವನು ರಾಗಿ ಮಾಡಿಟ್ಟ. ಮುಷ್ಟಿ ಮಡಿಸಿದ ಹಾಗೆ ಒಳಕ್ಕೆ ಬಾಗಿದ, ನಮ್ಮೂರಿನ ರಾಗಿ. ಪಾದ್ರಿ ನೋಡಿ ಏನೂ ಅನ್ನಲಿಲ್ಲವಂತೆ. ಊಟಕ್ಕೆ ಮುದ್ದೆ ರೂಢಿಯಾಗಿತ್ತೇನೋ.

ಈ ಕತೆಯನ್ನು ನಮಗೆ ಹೇಳಿದವರು ಇನ್ನಾಸಪ್ಪ ತಾತ. ಆ ಗಾರೆಯವನು ಅವರ ಮುತ್ತಜ್ಜ ಎಂಬುದು ಅವರ ಹೇಳಿಕೆ. ತಾತನೂ ಗಾರೆ ಕೆಲಸದವರೇ. ಚರ್ಚಿನ ಹಿತ್ತಿಲಲ್ಲಿ ಅವರದೊಂದು ಸುಣ್ಣದ ಗುಂಡಿ ಇತ್ತು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಬಿಟ್ಟರೆ ಅದು ಬೆಂಕಿಯಿಲ್ಲದೆ ಕೊತಕೊತ ಕುದಿಯುತ್ತಿತ್ತು. ನಾವು ಮಕ್ಕಳು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದೆವು. ಅಷ್ಟು ಭಕ್ತಿಯಿಂದ ನಾನು ಪೀಠವನ್ನೂ ನೋಡಿದ್ದಿಲ್ಲ. ಕುದಿದದ್ದನ್ನು ನೀರಿನಡಿ ತಿಂಗಳುಗಟ್ಟಲೆ ಬಿಟ್ಟು, ಒಂದು ದಿನ ತಾತ ಬೆರಳಲ್ಲಿ ತೆಗೆದು ಉಜ್ಜಿ ನೋಡಿ ‘ಬೆಣ್ಣೆ ಆಯ್ತು’ ಎನ್ನುತ್ತಿದ್ದರು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ನುಣುಪಿನ ಕೊನೇ ಪದರಕ್ಕೆ ಮೊಟ್ಟೆಯ ಬಿಳಿ. ಚರ್ಚು ಕಟ್ಟುವಾಗ ಪ್ರತಿ ಮನೆಯಿಂದ ವಾರಕ್ಕೊಂದು ಬುಟ್ಟಿ ಮೊಟ್ಟೆ ಬರುತ್ತಿತ್ತಂತೆ.

“ಬಿಳಿ ಗೋಡೆಗೆ ಹೋಯ್ತು. ಹಳದಿ ಯಾರು ತಿಂದ್ರು ತಾತ?” ಎಂದು ಕೇಳಿದ್ದೆ.

ತಾತ ಬಹಳ ಹೊತ್ತು ಯೋಚಿಸಿ, “ನಮ್ ಮುತ್ತಜ್ಜ ತುಂಬಾ ಗಟ್ಟಿಮುಟ್ಟಾಗಿದ್ನಂತೆ ಕಣವ್ವ” ಎಂದಿದ್ದರು.

ಇಂಥ ಪ್ರಶ್ನೆ ಕೇಳಿ ಕೇಳಿಯೇ ನಾನು ಚರ್ಚಾಸ್ಪರ್ಧೆಗಳ ಹುಡುಗಿಯಾದೆ. ಶಾಲೆಯಲ್ಲಿ, ಆಮೇಲೆ ಕಾಲೇಜಿನಲ್ಲಿ, ಅಂತರಕಾಲೇಜು ಎಂದುಕೊಂಡು ಜ್ಞಾನಭಾರತಿಯವರೆಗೆ. ಅದರ ಪದ್ಧತಿ ನಿಮಗೆ ಗೊತ್ತಿರಬಹುದು: ಚೀಟಿ ಎತ್ತಬೇಕು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಹತ್ತು ನಿಮಿಷದಲ್ಲಿ ತಯಾರಾಗಿ, ಹುಟ್ಟಿದಾಗಿನಿಂದ ಅದೇ ನಂಬಿದ್ದವಳಂತೆ ಮಾತಾಡಬೇಕು. ನಾನು ಒಂದೇ ವಾರದಲ್ಲಿ ಮರಣದಂಡನೆಯನ್ನು ರದ್ದು ಮಾಡಿಸಿ ಮತ್ತೆ ಜಾರಿಗೆ ತಂದವಳು. ಮನೆಯಲ್ಲಿ ಅಮ್ಮ, “ಸಾರಿಗೆ ಉಪ್ಪು ಸಾಕಾ ಅಂದ್ರೆ ಸಾಕು, ಸಾಲ್ದು ಅನ್ನು ಕಣೇ. ಎರಡೂ ಕಡೆ ವಾದ ಮಾಡ್ಬೇಡ” ಎನ್ನುತ್ತಿದ್ದಳು. ಚರ್ಚಿನಲ್ಲಿ ನನಗೆ ಲಾಯರಮ್ಮ ಎಂದೇ ಹೆಸರು.

ಏಳು ವರ್ಷದ ಹಿಂದೆ ದಕ್ಷಿಣದ ಗೋಡೆಯ ಗಾರೆ ಅಲ್ಲಲ್ಲಿ ಉದುರತೊಡಗಿತು. ಆಗಿನ ಫಾದರ್ ಪಾಲನಾ ಸಮಿತಿಯ ಸಭೆ ಕರೆದರು. ಮತ್ತೆ ಸುಣ್ಣದ ಗಾರೆಯೋ, ಎಲ್ಲ ಕೆತ್ತಿಹಾಕಿ ಸಿಮೆಂಟೋ? ಎರಡೂ ಕಡೆಯ ಮಾತು ಬರಲಿ, ಯುವಕ ಸಂಘದಿಂದ ಇಬ್ಬರು ಮಾತಾಡಲಿ ಎಂದರು. ಗುರುವಾರ ಸಂಜೆ ನಾವು ನಮ್ಮ ರೂಢಿಯಂತೆ ಬಿಸ್ಕತ್ತಿನ ಡಬ್ಬಿಯಲ್ಲಿ ಚೀಟಿ ಹಾಕಿದೆವು. ಗೆಳತಿ ಜ್ಯೋತಿಗೆ ‘ಸುಣ್ಣ’ ಬಂತು, ನನಗೆ ‘ಸಿಮೆಂಟು’. ಸಭೆಯ ಮರುದಿನವೇ ಜ್ಯೋತಿಗೆ ಪರೀಕ್ಷೆ. “ಮಗಾ, ನೀನೇ ಏನಾದ್ರೂ ಹೇಳು, ನಾ ಬರಲ್ಲ” ಎಂದು ಮೆಸೇಜು ಹಾಕಿ ಕೈತೊಳೆದುಕೊಂಡಳು.

ನಾನು ಮಾತಾಡಿದೆ. ಹೇಗೆ ಮಾತಾಡಿದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ, ಏಕೆಂದರೆ ಬಹಳ ಚೆನ್ನಾಗಿ ಮಾತಾಡಿದೆ. ಬಾಳಿಕೆ, ವೇಗ, ಮುಂದಿನ ಪೀಳಿಗೆ. ‘ನಮ್ಮ ಭಕ್ತಿ ಹಳೆಯದಿರಲಿ, ಗೋಡೆ ಯಾಕೆ ಹಳೆಯದಿರಬೇಕು?’ ಎಂದೆ. ಚಪ್ಪಾಳೆ. ಸುಣ್ಣದ ಪರ ಯಾರೂ ಏಳಲಿಲ್ಲ. ಕೊನೆಗೆ ಇನ್ನಾಸಪ್ಪ ತಾತ ಹೆಗಲ ಮೇಲಿನ ಟವಲು ಕೈಗೆ ತೆಗೆದುಕೊಂಡು ಎದ್ದರು.

“ಸ್ವಾಮಿ, ಹಳೇ ಗೋಡೆಗೆ ಸಿಮೆಂಟ್ ಬ್ಯಾಡ. ಗೋಡೆ ಉಸಿರಾಡ್ಬೇಕು.”

ಅಷ್ಟೇ. ಅವರಿಗೆ ಎರಡನೇ ವಾಕ್ಯ ಸಿಗಲಿಲ್ಲ. ಎದುರಾಳಿ ತಡವರಿಸಿದಾಗ ಏನು ಮಾಡಬೇಕೆಂದು ನನಗೆ ತರಬೇತಿ ಇತ್ತು.

“ತಾತ, ಗೋಡೆಗೆ ಮೂಗು ಎಲ್ಲಿದೆ ತೋರಿಸ್ತೀರಾ? ಮೊದ್ಲು ಅದನ್ನ ಕ್ಲೀನ್ ಮಾಡಿಸೋಣ.”

ಸಭೆ ಬಿದ್ದು ಬಿದ್ದು ನಕ್ಕಿತು. ಫಾದರ್ ಕೂಡ ನಕ್ಕರು. ತಾತನೂ ಸ್ವಲ್ಪ ನಕ್ಕು, ಟವಲು ಮಡಿಸಿಕೊಂಡು ಕೂತರು. ಸಿಮೆಂಟಿಗೆ ಕೈ ಎತ್ತಿಸಿದಾಗ ಅವರ ಕೈ ಮಾತ್ರ ಮೇಲೇಳಲಿಲ್ಲ. ಮುಂದಿನ ವಾರದಿಂದ ಅವರು ಚರ್ಚಿಗೆ ಬರಲಿಲ್ಲ. ಮಗಳು ಕೆಂಗೇರಿ ಉಪನಗರದಲ್ಲಿ ಮನೆ ಮಾಡಿದಳಂತೆ, ಅಲ್ಲಿ ಹತ್ತಿರದಲ್ಲೇ ಪೂಜೆ ಇದೆಯಂತೆ ಎಂದರು. ಎಷ್ಟು ಅನುಕೂಲವಾದ ಕಾರಣ! ನಾನೂ ನಂಬಿದೆ.

ಸಿಮೆಂಟು ಒಂದು ಮಳೆಗಾಲ ಚೆನ್ನಾಗಿತ್ತು. ಎರಡನೆಯದರಲ್ಲಿ ಗುಳ್ಳೆ ಎದ್ದಿತು. ಕಾರಣ ನನಗೆ ತಿಳಿದದ್ದು ಬಹಳ ತಡವಾಗಿ, ಓದಿ: ನೆಲದಿಂದ ಏರುವ ತೇವ ಸುಣ್ಣದ ಗಾರೆಯ ಮೂಲಕ ಹೊರಗೆ ಆರಿಹೋಗುತ್ತಿತ್ತು. ಸಿಮೆಂಟು ಬಾಗಿಲು ಹಾಕಿತು. ದಾರಿ ಸಿಗದ ನೀರು ಗೋಡೆಯೊಳಗೇ ಮೇಲೇರಿ, ಉಪ್ಪನ್ನು ಹೊತ್ತು, ಸಿಕ್ಕಸಿಕ್ಕಲ್ಲಿ ಒಡೆದು ಬಂತು. ಇನ್ನು ಕಂಬಗಳ ನೆತ್ತಿ. ಅಷ್ಟು ತಿರುವುಗಳ ಸುತ್ತ ಸಿಮೆಂಟು ಮೆತ್ತಲು ಯಾರಿಗೆ ಪುರುಸೊತ್ತು? ದಕ್ಷಿಣದ ಆರು ಕಂಬಗಳ ರಾಗಿ ತೆನೆಯ ಮೇಲೆ ಉಂಡೆ ಕಟ್ಟಿ ಸವರಿಬಿಟ್ಟಿದ್ದರು. ಉತ್ತರದ ಆರರಲ್ಲಿ ಮಾತ್ರ ರಾಗಿ ಉಳಿದಿದೆ.

ಇದಕ್ಕೆ ಯಾರಾದರೂ ನನ್ನನ್ನು ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಬೈಯಲಿಲ್ಲ. “ಅವತ್ತು ಏನ್ ಮಾತಾಡ್ದೆ ಲಾಯರಮ್ಮ!” ಎಂದು ಈಗಲೂ ಹೊಗಳುತ್ತಾರೆ, ಅದೇ ಗೋಡೆಯಡಿ ನಿಂತು, ತಲೆಗೆ ಬಿದ್ದ ಪುಡಿ ಕೊಡವಿಕೊಳ್ಳುತ್ತ.

ಕಳೆದ ಬೇಸಿಗೆಯಲ್ಲೊಂದು ಮಧ್ಯಾಹ್ನ ಅಮ್ಮನ ಜಪಮಾಲೆ ಮರೆತುಬಂದೆವೆಂದು ಚರ್ಚಿಗೆ ಹೋಗಿದ್ದೆ. ಒಳಗೆ ಉತ್ತರದ ಗೋಡೆಗೆ ಬೆನ್ನು ಕೊಟ್ಟು ಒಬ್ಬ ಡೆಲಿವರಿಯವನು ಕಾಲು ಚಾಚಿ ಕೂತಿದ್ದ. ಬಾಗಲಕೋಟೆ ಕಡೆಯವನಂತೆ. ನನ್ನನ್ನು ಕಂಡು ಎದ್ದ.

“ಕೂತ್ಕೊಳ್ಳಿ, ಪರವಾಗಿಲ್ಲ” ಎಂದೆ. “ಅಲ್ಲಿ ಫ್ಯಾನ್ ಇಲ್ವಲ್ಲ, ಈ ಕಡೆ ಬನ್ನಿ.”

“ಬ್ಯಾಡ್ರೀ ಅಕ್ಕಾರ, ಇಲ್ಲೇ ಥಂಡ ಐತಿ. ಆ ಕಡಿ ಗ್ವಾಡಿ ಬೆವರ್ತೈತ್ರಿ.”

ಕ್ರಿಸ್ತನನ್ನೂ ಸುಣ್ಣವನ್ನೂ ಓದಿಕೊಳ್ಳದವನು ಎರಡು ಗೋಡೆಗೆ ಬೆನ್ನು ಕೊಟ್ಟು ನೋಡಿ ತೀರ್ಪು ಹೇಳಿದ್ದ. ಜಪಮಾಲೆ ತೆಗೆದುಕೊಂಡು ಬಂದೆ.

ಈಗ ಕತೆ ಹೊಸ ಮಗ್ಗುಲಿಗೆ ತಿರುಗಿದೆ. ತೇವ ಮುಚ್ಚಲು ದಕ್ಷಿಣದ ಗೋಡೆಗೆ ಗ್ರಾನೈಟ್ ಹಾಕಿಸೋಣ ಎಂದು ಸಮಿತಿಯ ಕೆಲವರು ಹೊರಟಿದ್ದಾರೆ. ಎರಡು ಕಡೆ ಎರಡು ಥರ ಕಂಡರೆ ಚೆನ್ನಾಗಿರುವುದಿಲ್ಲವೆಂದು ಉತ್ತರದ ಕಂಬಗಳಿಗೂ ಅದನ್ನೇ ಹೊದಿಸುವ ಯೋಚನೆ. ಹೊಸದಾಗಿ ಬಂದಿರುವ ಫಾದರ್ ಚಿಕ್ಕವರು. ಹೋದ ವಾರ ಪೂಜೆ ಮುಗಿದ ಮೇಲೆ ನನ್ನನ್ನು ಕರೆದರು.

“ಸುಣ್ಣದ ಕೆಲಸ ಗೊತ್ತಿರೋರು ಇನ್ನಾಸಪ್ಪನವರು ಒಬ್ರೇ ಉಳಿದಿರೋದಂತೆ. ಅವರು ಬಂದು ಗೋಡೆ ನೋಡಿ, ಸುಣ್ಣದಲ್ಲೇ ಆಗುತ್ತೆ ಅಂದ್ರೆ ನಾನು ಸಮಿತೀನ ತಡೀತೀನಿ. ಭಾನುವಾರದೊಳಗೆ. ಎರಡು ಸಲ ಫೋನ್ ಮಾಡಿಸ್ದೆ, ‘ನನಗೇನೂ ಗೊತ್ತಿಲ್ಲ’ ಅಂತಾರೆ. ನೀವು ಹೋಗಿ ಬನ್ನಿ. ನಿಮಗೆ ಮಾತಾಡೋಕೆ ಚೆನ್ನಾಗಿ ಬರುತ್ತಂತಲ್ಲ?”

ಅವರಿಗೆ ಹಳೇ ಕತೆ ಗೊತ್ತಿರಲಿಲ್ಲ. ಅಥವಾ ಚೆನ್ನಾಗಿಯೇ ಗೊತ್ತಿತ್ತು. ಫಾದರುಗಳ ಮುಖ ನೋಡಿ ಹೇಳಲಾಗುವುದಿಲ್ಲ.

ಶನಿವಾರ ಬೆಳಿಗ್ಗೆ ಕೆಂಗೇರಿಗೆ ಹೊರಟೆ. ಮೆಟ್ರೋದಲ್ಲಿ ಮೊಬೈಲು ತೆಗೆದು ಕ್ಷಮಾಪಣೆಯನ್ನು ಮೂರು ಅಂಶಗಳಲ್ಲಿ ಬರೆದುಕೊಂಡೆ. ಜ್ಞಾನಭಾರತಿ ನಿಲ್ದಾಣ ಬರುವಷ್ಟರಲ್ಲಿ ಮೂರಕ್ಕೂ ಅವರು ಕೊಡಬಹುದಾದ ಉತ್ತರ, ಅದಕ್ಕೆ ನನ್ನ ಮರು ಉತ್ತರ ಎಲ್ಲ ಸಿದ್ಧವಾಗಿತ್ತು. ಆಮೇಲೆ ಅದನ್ನು ಓದಿ ನೋಡಿದೆ. ಅದು ಕ್ಷಮಾಪಣೆಯೇ ಆಗಿರಲಿಲ್ಲ. ನಾನು ಗೆಲ್ಲಲಿಕ್ಕೆ ಹೊರಟಿದ್ದೆ.

ಬಾಗಿಲು ತೆಗೆದದ್ದು ತಾತನ ಮಗಳು ಲೂರ್ದಮ್ಮ.

“ಅಪ್ಪಾ, ಲಾಯರಮ್ಮ ಬಂದವ್ಳೆ” ಎಂದು ಒಳಕ್ಕೆ ಕೂಗಿ, ನನ್ನ ಕಡೆ ತಿರುಗಿ, “ಬಾ. ಈ ಮನೆ ಗೋಡೆಗೂ ಮೂಗಿಲ್ಲ, ಹುಷಾರು” ಎಂದರು.

ಏಳು ವರ್ಷ ಕಾಯ್ದಿಟ್ಟ ಮಾತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ತಾತ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಇಳಿದುಹೋಗಿದ್ದರು. ಕೈಗಳು ಮಾತ್ರ ಅಷ್ಟೇ ದೊಡ್ಡವಿದ್ದವು. ನಾನು ಫಾದರ್ ಹೇಳಿದ್ದನ್ನು ಹೇಳಿದೆ. ಗ್ರಾನೈಟಿನ ವಿಷಯ ಹೇಳಿದೆ. “ಇನ್ನೊಂದು, ತಾತ, ಅವತ್ತಿನ ಬಗ್ಗೆ ನಾನು ಮೂರು ಅಂಶ…”

“ಅಂಶ ಗಿಂಶ ಬಿಡವ್ವ. ಒಂದು ಕೇಳ್ತೀನಿ. ಅವತ್ತು ನಿಂಗೆ ಸಿಮೆಂಟ್ ವಿಷ್ಯ ಏನ್ ಗೊತ್ತಿತ್ತು?”

“ಏನೂ ಗೊತ್ತಿರ್ಲಿಲ್ಲ ತಾತ.”

“ಮತ್ತೆ ಹೆಂಗೆ ಮಾತಾಡ್ದೆ?”

“ಚೀಟಿ ಎತ್ತಿದ್ವಿ. ನಂಗೆ ಸಿಮೆಂಟ್ ಬಂತು.”

ತಾತ ಅರ್ಥವಾಗದವರಂತೆ ಮಗಳ ಮುಖ ನೋಡಿದರು. ಮತ್ತೆ ನನ್ನ ಕಡೆ.

“ಸುಣ್ಣ ಬಂದಿದ್ರೆ?”

“ಸುಣ್ಣದ ಪರ ಮಾತಾಡ್ತಿದ್ದೆ.”

“ಗೆಲ್ತಿದ್ದಾ?”

ಸುಳ್ಳು ಹೇಳಬಹುದಿತ್ತು. “ಗೆಲ್ತಿದ್ದೆ” ಎಂದೆ.

ಕೆಳಗೆ ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು.

“ನಾನು ಏನಂದ್ಕೊಂಡಿದ್ದೆ ಗೊತ್ತಾ?” ತಾತ ನಿಧಾನವಾಗಿ ಹೇಳಿದರು. “ಓದಿರೋ ಮಗು, ಅಷ್ಟು ಗಟ್ಟಿಯಾಗಿ ಹೇಳ್ತೈತೆ ಅಂದ್ರೆ ಏನೋ ಗೊತ್ತಿರ್ಬೇಕು. ನಮ್ಮಪ್ಪ, ನಮ್ ತಾತ ಎಲ್ಲ ಸುಮ್ನೆ ಗೊತ್ತಿಲ್ದೆ ಮೆತ್ಕೊಂಡು ಬಂದವ್ರೆ, ನಾನೂ ಮೆತ್ತಿದೀನಿ ಅಂದ್ಕೊಂಡೆ.”

ಲೂರ್ದಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಅವರ ದನಿಯಲ್ಲಿ ಮೊದಲಿನ ಚುಚ್ಚು ಇರಲಿಲ್ಲ. “ಈ ಮನೆ ಕಟ್ಟುವಾಗ ಮೇಸ್ತ್ರಿ ಬಂದು ‘ಯಜಮಾನ್ರೇ, ಹಿಂಗ್ ಮಾಡ್ಲಾ ಹಂಗ್ ಮಾಡ್ಲಾ’ ಅಂತ ಕೇಳಿದ್ರೆ, ‘ನಂಗೇನ್ ಗೊತ್ತಪ್ಪಾ, ಓದ್ದೋರ್ನ ಕೇಳಿ’ ಅನ್ನೋರು. ಕರಣೆ, ಮಟ್ಟಗೋಲು ಎಲ್ಲ ಅವನ್ಗೇ ಕೊಟ್ಬಿಟ್ರು.”

ಕರಣೆ ಎಂದರೆ ಗಾರೆಯವರು ಕೈಯಲ್ಲಿ ಹಿಡಿದು ಮೆತ್ತುವ ಸಾಧನ. ತಾತನದಕ್ಕೆ ಹಿಡಿಕೆಯ ಮೇಲೆ ಹೆಬ್ಬೆರಳಿನ ಗುಂಡಿ ಬಿದ್ದಿತ್ತು. ಚಿಕ್ಕವಳಿದ್ದಾಗ ನಾನು ಅದರಲ್ಲಿ ನನ್ನ ಬೆರಳಿಟ್ಟು ನೋಡಿದ್ದೆ.

ಇಷ್ಟು ವರ್ಷ ನಾನು ಅಂದುಕೊಂಡಿದ್ದು, ಅವರು ನನ್ನ ಮೇಲೆ ಕೋಪಿಸಿಕೊಂಡು ದೂರವಾದರೆಂದು. ಕೋಪವಾಗಿದ್ದರೆ ಎಷ್ಟು ಚೆನ್ನಾಗಿತ್ತು. ಅವರು ನನ್ನನ್ನು ನಂಬಿಬಿಟ್ಟಿದ್ದರು. ಆ ಸಭೆಯಲ್ಲಿ ನನ್ನ ಮಾತನ್ನು ನಿಜವೆಂದು ತೆಗೆದುಕೊಂಡ ಒಬ್ಬನೇ ಮನುಷ್ಯ ಅವರು. ನಾನೇ ಅದನ್ನು ನಂಬಿರಲಿಲ್ಲ.

“ತಾತ, ನೀವು ಹೇಳಿದ್ದು ಸರಿ ಇತ್ತು. ಗೋಡೆ ಎಲ್ಲ ಕೆಟ್ಟುಹೋಗಿದೆ” ಎಂದೆ. ಮೂರು ಅಂಶಗಳಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ.

“ಎಲ್ಲ ಅಂದ್ರೆ?”

“ದಕ್ಷಿಣದ ಕಡೆ ಪೂರ್ತಿ.”

“ಪೂರ್ತಿ ಅಂತ ಯಾರು ನೋಡಿದ್ದು?” ತಾತ ಕುರ್ಚಿಯ ಕೈ ಹಿಡಿದು ಎದ್ದರು. “ಲೂರ್ದು, ನನ್ ಚಪ್ಪಲಿ ಎಲ್ಲೈತೆ?”

“ಈಗ್ಲೇನಾ? ಬಿಸಿಲು ಅಪ್ಪಾ. ತಿಂಡಿ ತಿನ್ಕೊಂಡು…”

“ಮಗು ಪೂರ್ತಿ ಅಂತೈತೆ. ಹಂಗೆ ಹೇಳ್ಬಾರ್ದು.”

ಮೆಟ್ರೋದ ಎಸ್ಕಲೇಟರು ಬೇಡವೆಂದರು ತಾತ. ಹಾಗಾಗಿ ಆಟೋದಲ್ಲೇ ಬಂದೆವು. ದಾರಿಯುದ್ದಕ್ಕೂ ತಾತ ಮೆಟ್ರೋ ಕಂಬಗಳನ್ನು ಎಣಿಸುವವರಂತೆ ನೋಡುತ್ತಿದ್ದರು. ಇಬ್ಬರಿಗೂ ಆಯಾಸವಾಗಿತ್ತು. ಅವರದು ವಯಸ್ಸಿನದು. ನನ್ನದಕ್ಕೆ ಅಂಥ ನೆವ ಇರಲಿಲ್ಲ.

ಚರ್ಚು ಖಾಲಿ ಇತ್ತು. ತಾತ ಬಾಗಿಲಲ್ಲಿ ತೀರ್ಥದ ಬಟ್ಟಲಿಗೆ ಬೆರಳು ಅದ್ದಲಿಲ್ಲ, ಶಿಲುಬೆ ಗುರುತು ಮಾಡಲಿಲ್ಲ, ನೇರ ದಕ್ಷಿಣದ ಗೋಡೆಗೆ ಹೋದರು. ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಬೆರಳ ಗೆಣ್ಣಿನಿಂದ ತಟ್ಟತೊಡಗಿದರು. ಟಕ್, ಟಕ್, ಡಬ್.

“ಡಬ್ ಅಂದ್ರೆ ಒಳಗೆ ಬಿಟ್ಕೊಂಡೈತೆ. ಅಲ್ಲಿ ಗುರುತು ಹಾಕು. ಟಕ್ ಅಂದ್ರೆ ಹಿಡ್ಕೊಂಡೈತೆ. ಅದನ್ನ ಮುಟ್ಬಾರ್ದು.”

ಧರ್ಮೋಪದೇಶದ ಕೋಣೆಯಿಂದ ಸೀಮೆಸುಣ್ಣ ತಂದೆ. ಅವರು ತಟ್ಟುತ್ತ ಹೋದರು, ನಾನು ಗೀಟು ಹಾಕುತ್ತ ಹೋದೆ. ಕಿಟಕಿಯ ಬಣ್ಣದ ಗಾಜಿನ ಬೆಳಕು ಬೆಂಚುಗಳ ಮೇಲೆ ಒಂದು ಸಾಲು ಸರಿಯಿತು. ಎರಡನೇ ಕಂಬದ ಬಳಿ ತಾತನಿಗೆ ಉಸಿರು ಹತ್ತಿತು. ಬೆಂಚಿನ ಮೇಲೆ ಕೂತು, ಮುಂದಿನದನ್ನು ನೀನೇ ನೋಡು ಎಂಬಂತೆ ಗಲ್ಲ ಎತ್ತಿದರು.

ನಾನು ಮೂರನೇ ಕಂಬಕ್ಕೆ ಹೋದೆ. ಪ್ರತಿ ಭಾನುವಾರ ನಾನು ಒರಗುವುದು ಅದರ ಪಕ್ಕದ ಗೋಡೆಗೇ. ಒಮ್ಮೆ ತಟ್ಟಿದೆ.

“ತಾತ, ಇದು ಗಟ್ಟಿ ಇದೆ. ಗುರುತು ಬೇಡ.”

“ಗಟ್ಟಿ ಐತೆ ಅನ್ಸುತ್ತಾ, ಗೊತ್ತಾ?”

ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಗಟ್ಟಿ ಎನ್ನುವುದಕ್ಕೆ ಕಾರಣವೂ ಬಂದಿತ್ತು. ಕಾರಣಗಳು ನನಗೆ ಯಾವಾಗಲೂ ಬೇಗ ಬರುತ್ತವೆ. ಕಂಬಕ್ಕೆ ಕಿವಿ ಹಚ್ಚಿದೆ. ತಣ್ಣಗಿತ್ತು, ಒದ್ದೆಯಾಗಿತ್ತು.

“ಗೊತ್ತಿಲ್ಲ” ಎಂದೆ.

ತಾತ ಟವಲಿನಿಂದ ಮುಖ ಒರೆಸಿಕೊಂಡರು.

“ಹಂಗಾದ್ರೆ ಇನ್ನೊಂದ್ಸಲ ತಟ್ಟು.”

ತಟ್ಟಿದೆ.